ಲಕ್ಕೋಟೆ ಎಲೆಯ ಚುಕ್ಕೆ

"ಬುದ್ಧಿ, ಇಬ್ಬರಲ್ಲಿ ಯಾರನ್ನು ಕಳಿಸಲಿ?"

ಹೀಗೆ ಕೇಳಿದವನು ಮರುಳಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ಕೇಳಿದ ಮೇಲೆ ಗುರುಗಳ ಮುಖ ನೋಡುವ ಧೈರ್ಯವಾಗದೆ ಚಾಪೆಯ ಅಂಚನ್ನು ನೋಡುತ್ತ ಕುಳಿತ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಅಡುಗೆಮನೆಯಲ್ಲಿ ಜಗಳ ಹತ್ತಿ, ಕಾಯಿ ಸುಲಿಯುವವರು ಯಾರೂ ಇಲ್ಲವೆಂದು ತಿಳಿದು ಬುಟ್ಟಿಯನ್ನು ತಾವೇ ತರಿಸಿಕೊಂಡಿದ್ದರು.

"ಯಾವ ಇಬ್ಬರು?" ಎಂದರು, ಏನೂ ಗೊತ್ತಿಲ್ಲದವರ ಹಾಗೆ.

"ಇನ್ಯಾರು ಬುದ್ಧಿ? ಅಡುಗೆಯ ಕರಿಬಸಯ್ಯನವರು, ಉಗ್ರಾಣದ ಓಂಕಾರಪ್ಪನವರು."

ಇಬ್ಬರೂ ಮರುಳಯ್ಯ ಹುಟ್ಟುವ ಮೊದಲೇ ಮಠಕ್ಕೆ ಬಂದವರು. ಓಂಕಾರಪ್ಪ ಅಳೆದು ಕೊಟ್ಟದ್ದನ್ನು ಕರಿಬಸಯ್ಯ ಬೇಯಿಸಿ ಹಾಕುತ್ತಿದ್ದ. ಬಂದವರು ಉಂಡು ಹೋಗುತ್ತಿದ್ದರು. ಇಷ್ಟು ಕಾಲ ಒಂದು ಸೊಲ್ಲು ಎದ್ದಿರಲಿಲ್ಲ. ಮಠ ಬಿಟ್ಟರೆ ಇಬ್ಬರಿಗೂ ಬೇರೆ ದಿಕ್ಕಿಲ್ಲ.

ಶ್ರಾವಣದಲ್ಲಿ ಒಮ್ಮೆ ಕರಿಬಸಯ್ಯ ಒಲೆಯ ಮುಂದೆ ಕೂತು, "ಈ ಸಲದ ಅಕ್ಕಿಯಲ್ಲಿ ಕಲ್ಲು ಜಾಸ್ತಿಯಪ್ಪ" ಎಂದು ಗೊಣಗಿದ. ಮರುಳಯ್ಯ ಅಲ್ಲೇ ಇದ್ದ. ಇದು ಒಳಗೊಳಗೇ ಬೆಳೆದು ಮನಸ್ತಾಪವಾಗಬಾರದು ಎಂದುಕೊಂಡು ನೇರ ಉಗ್ರಾಣಕ್ಕೆ ಹೋದ. ಓಂಕಾರಪ್ಪನಿಗೆ ಮೆತ್ತಗೆ, ಬಹಳ ಮೆತ್ತಗೆ ವಿಷಯ ತಿಳಿಸಿದ. ಓಂಕಾರಪ್ಪ ನಕ್ಕು, "ಅವನ ಕಣ್ಣಿಗೆ ಪೊರೆ ಬಂದಿರಬೇಕು, ಅಕ್ಕಿಯೂ ಕಲ್ಲಾಗಿ ಕಾಣುತ್ತೆ" ಎಂದ. ತಮಾಷೆಯ ಮಾತು. ಮರುಳಯ್ಯ ಅದನ್ನು ತಮಾಷೆಯಾಗಿಯೇ ಅಡುಗೆಮನೆಗೆ ತಲುಪಿಸಿದ. ಕರಿಬಸಯ್ಯ ನಗಲಿಲ್ಲ.

ಅಲ್ಲಿಂದ ಮರುಳಯ್ಯನ ಕಾಲಿಗೆ ಬಿಡುವಿಲ್ಲ. ಇಲ್ಲಿಯ ಮಾತಿನ ಖಾರ ಕಡಿಮೆ ಮಾಡಿ ಅಲ್ಲಿ ಹೇಳುವುದು, ಅಲ್ಲಿಯ ಮಾತಿಗೆ ಸ್ವಲ್ಪ ಬೆಲ್ಲ ಸೇರಿಸಿ ಇಲ್ಲಿ ಹೇಳುವುದು. ರಾಜಿ ಮಾಡಿಸುವುದೆಂದರೆ ಹೀಗೆಯೇ ಎಂದು ಅವನು ನಂಬಿದ್ದ. ದಿನ ಹೋದ ಹಾಗೆ ಇಬ್ಬರೂ ಮಾತು ಬಿಟ್ಟರು. ತರಕಾರಿ ಹೆಚ್ಚುವ ಹೆಂಗಸರು ಕರಿಬಸಯ್ಯನ ಕಡೆಯಾದರು, ನೀರು ಸೇದುವವರು ಓಂಕಾರಪ್ಪನ ಕಡೆಯಾದರು. ನಿನ್ನೆಯಂತೂ ಸಾರಿಗೆ ಉಪ್ಪೇ ಬೀಳಲಿಲ್ಲ. ಕೇಳದೆ ಕೊಡುವುದಿಲ್ಲ ಎಂದು ಒಬ್ಬ, ಕೊಡದೆ ಕೇಳುವುದಿಲ್ಲ ಎಂದು ಇನ್ನೊಬ್ಬ. ದೂರದ ಊರಿನಿಂದ ಬಂದ ಭಕ್ತರು ಸಪ್ಪೆ ಸಾರು ಉಂಡು, ಮಠದ ಮರ್ಯಾದೆಗೆ ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಅವರ ಎಲೆಗಳಲ್ಲಿ ಉಳಿದಿದ್ದ ಅನ್ನವನ್ನು ಮರುಳಯ್ಯ ತಾನೇ ಬಾಚಿ ತೆಗೆದಿದ್ದ.

ಇಷ್ಟನ್ನೂ ಹೇಳಿ ಮುಗಿಸಿ ಅವನು ಕಣ್ಣೊರೆಸಿಕೊಂಡ.

"ನಾನು ಮಾಡದ ಪ್ರಯತ್ನವಿಲ್ಲ ಬುದ್ಧಿ. ಮಾಡಿದಷ್ಟೂ ಹೆಚ್ಚುತ್ತಿದೆ. ಯಾಕೆ ಹೀಗಾಗುತ್ತಿದೆ ಅಂತಲೇ ತಿಳಿಯುತ್ತಿಲ್ಲ. ಕೊನೆಗೆ ಒಬ್ಬರನ್ನಾದರೂ ಕಳಿಸಿದರೆ ಇನ್ನೊಬ್ಬರು ನೆಮ್ಮದಿಯಾಗಿರುತ್ತಾರೆ. ಯಾರನ್ನು ಅಂತ ತಾವೇ ಹೇಳಬೇಕು."

ಗುರುಗಳು ಒಂದು ಕಾಯಿ ಬಿಡಿಸಿ, ಒಳಗೆ ಹುಳು ಕಂಡು, ಸಿಪ್ಪೆಯ ಜೊತೆಗೇ ಪಕ್ಕಕ್ಕೆ ಹಾಕಿದರು.

"ಲಕ್ಕೋಟೆ ಹಣ್ಣು ತಿಂದಿದ್ದೀಯೇನಯ್ಯಾ?"

ಮರುಳಯ್ಯ ತಬ್ಬಿಬ್ಬಾದ. ಉಪ್ಪಿಲ್ಲದ ಸಾರಿಗೂ ಲಕ್ಕೋಟೆ ಹಣ್ಣಿಗೂ ಎಲ್ಲಿಂದೆಲ್ಲಿಯ ಸಂಬಂಧ?

"ಚಿಕ್ಕವನಿದ್ದಾಗ ತಿಂದಿದ್ದೆ ಬುದ್ಧಿ. ಹಳದಿ ಹಣ್ಣು. ಹುಳಿ, ಸ್ವಲ್ಪ ಸಿಹಿ."

"ತಿರುಳಿಗಿಂತ ಬೀಜವೇ ದೊಡ್ಡದು, ಅದನ್ನು ಬಿಟ್ಟುಬಿಟ್ಟೆ. ಹೋಗಲಿ, ಕೈ ಖಾಲಿ ಇಟ್ಟುಕೊಂಡು ಕೂರಬೇಡ. ನೀನೂ ನಾಲ್ಕು ಕಾಯಿ ಸುಲಿ. ಸುಲಿಯುತ್ತ ಕೇಳು."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ವೀಳ್ಯದೆಲೆಯ ವ್ಯಾಪಾರಿ. ಅವನ ಹೆಸರು ಕೇಳಬೇಡ. ಹೆಸರು ಹೇಳಿದರೆ ನೀನು ಆ ಊರಿಗೇ ಹೋಗಿ ನಾಲ್ಕು ಜನರನ್ನು ವಿಚಾರಿಸಿಕೊಂಡು ಬರುವ ಆಸಾಮಿ.

ವೀಳ್ಯದೆಲೆಯ ಸಂಗತಿ ನಿನಗೆ ಗೊತ್ತಲ್ಲ? ಬಳ್ಳಿಯಿಂದ ಬಿಡಿಸಿದ ಗಳಿಗೆಯಿಂದ ಬಾಡುತ್ತ ಹೋಗುತ್ತದೆ. ಅದನ್ನು ಹಸಿರಾಗಿ ಇಡುವುದೇ ಆ ಕಸುಬು. ನೀರು ಚಿಮುಕಿಸಬೇಕು. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿ, ಜೋಡಿಸಿ, ಕಟ್ಟು ಕಟ್ಟಬೇಕು. ಮೇಲೆ ಒದ್ದೆ ಗೋಣಿ ಹೊದಿಸಬೇಕು. ಈ ವ್ಯಾಪಾರಿ ಇದರಲ್ಲಿ ಪಳಗಿದವನು. ಅವನ ಅಂಗಡಿಯ ಎಲೆ ಮದುವೆಮನೆಯ ತಟ್ಟೆಗೆ ಹೋದರೆ ಆಗತಾನೇ ಬಳ್ಳಿಯಿಂದ ಇಳಿಸಿದ ಹಾಗೆ ಕಾಣುತ್ತಿತ್ತು. ಕಟ್ಟಿನಲ್ಲಿ ಒಂದು ಕೊಳೆತ ಎಲೆ ಕಂಡಿತೋ, ಮುಲಾಜಿಲ್ಲದೆ ಕಿತ್ತು ಬೀದಿಗೆಸೆಯುತ್ತಿದ್ದ. ಇದನ್ನು ನೆನಪಿಟ್ಟುಕೋ, ಅವನು ಮರೆತ.

ಅವನ ಹೆಂಡತಿ ಮದುವೆಯಾಗಿ ಬಂದ ವರ್ಷ ತವರಿನಿಂದ ಮಡಿಲಲ್ಲಿ ಲಕ್ಕೋಟೆ ಹಣ್ಣು ಕಟ್ಟಿಕೊಂಡು ಬಂದಿದ್ದಳು. ಹಣ್ಣು ತಿಂದು ಬೀಜವನ್ನು ಹಿತ್ತಿಲಲ್ಲಿ ಊರಿದಳು. ಅದು ಮೊಳೆತು, ಬೆಳೆದು, ಮನೆಯ ಮಾಡು ದಾಟಿತು. ಕತ್ತೆಕಿವಿಯಷ್ಟು ಉದ್ದದ ದಪ್ಪ ಎಲೆಗಳು, ಎಲೆಯ ಅಡಿಗೆ ತುಪ್ಪಳ. ಚಳಿಗಾಲದ ಮೊದಲು ಹೂ, ಶಿವರಾತ್ರಿಯ ಹೊತ್ತಿಗೆ ಹಣ್ಣು. ಅವಳು ಮರದ ಬುಡಕ್ಕೆ ಪಾತ್ರೆ ತೊಳೆದ ನೀರು ಬಿಟ್ಟು ಬೇರೇನೂ ಹಾಕಿದವಳಲ್ಲ. ಮರ ತನ್ನ ಪಾಡಿಗೆ ತಾನು ಚೆನ್ನಾಗಿತ್ತು.

ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಆದರೆ ಬಾಯಿರುಚಿಯನ್ನು ಹೊತ್ತುಕೊಂಡೇ ಹೋಯಿತು. ಗಂಜಿ ಸೇರದು, ಹಾಲು ಸೇರದು. ನುಂಗಿಸಿದರೆ ವಾಂತಿ. ಹಾಸಿಗೆಯಲ್ಲಿ ದಿನದಿನಕ್ಕೆ ಸಣ್ಣಗಾಗುತ್ತ ಹೋದಳು. ಒಂದು ದಿನ ಕಿಟಕಿಯಾಚೆಗಿನ ಮರ ನೋಡಿ, "ಲಕ್ಕೋಟೆ ಹಣ್ಣಾದರೆ ಎರಡು ತಿಂದೇನು" ಎಂದಳು.

ವ್ಯಾಪಾರಿಗೆ ಅಷ್ಟು ಸಾಕಾಯಿತು. ಶಿವರಾತ್ರಿ ಇನ್ನೂ ದೂರ. ಅಲ್ಲಿಯ ತನಕ ಹೆಂಡತಿಯನ್ನೂ ಉಳಿಸಿಕೊಳ್ಳಬೇಕು, ಮರವನ್ನೂ ಕಾಯಬೇಕು. ಹಣ್ಣು ಬಾಯಿಗೆ ಬಿದ್ದರೆ ಇವಳು ಬದುಕುತ್ತಾಳೆ ಎಂದು ಅವನ ಮನಸ್ಸು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿತು.

ಆಮೇಲೆ ಸ್ವಲ್ಪ ದಿನಕ್ಕೇ ಕೆಳಗಿನ ಕೊಂಬೆಯ ಒಂದೆರಡು ಎಲೆಗಳ ಮೇಲೆ ಚುಕ್ಕೆ ಕಂಡಿತು. ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆ. ನಡುವೆ ಕಪ್ಪುಗೆಂಪು, ಸುತ್ತ ಹಳದಿ ಅಂಚು. ವ್ಯಾಪಾರಿ ಬಗ್ಗಿ ನೋಡಿದ. ಅವನು ಹುಟ್ಟಿದಾಗಿನಿಂದ ಎಲೆಯ ನಡುವೆಯೇ ಇದ್ದವನು. ಎಲೆಗೆ ಏನಾದರೂ ಆದರೆ ಏನು ಮಾಡಬೇಕೆಂದು ಬೇರೆಯವರನ್ನು ಕೇಳುವುದುಂಟೇ? ತಂಬಿಗೆಯಲ್ಲಿ ನೀರು ತಂದ, ಅಂಗಡಿಯ ಬಟ್ಟೆ ತಂದ. ಚುಕ್ಕೆ ಬಿದ್ದ ಎಲೆಯನ್ನು ಮಗುವಿನ ಕೆನ್ನೆ ಒರೆಸುವ ಹಾಗೆ ಒರೆಸಿದ. ಬಟ್ಟೆ ನೀರಿಗದ್ದಿ ಹಿಂಡಿದ. ಚುಕ್ಕೆ ಪಕ್ಕದ ಎಲೆಗೆ ಹತ್ತದಿರಲಿ ಎಂದು ಪಕ್ಕದ ಎಲೆಯನ್ನೂ ಒರೆಸಿದ. ಅದರ ಪಕ್ಕದ್ದನ್ನೂ ಒರೆಸಿದ.

ಗುರುಗಳು ಸುಲಿಯುವುದನ್ನು ನಿಲ್ಲಿಸಿದರು.

"ಏನಯ್ಯಾ ಮರುಳಯ್ಯ, ಅವನು ಮಾಡಿದ್ದರಲ್ಲಿ ತಪ್ಪಿದೆಯೇ?"

"ತಪ್ಪೇನು ಬಂತು ಬುದ್ಧಿ? ಪಾಪ, ಎಷ್ಟು ಪ್ರೀತಿಯಿಂದ ಮಾಡಿದ್ದಾನೆ!"

"ಹೂಂ. ಪ್ರೀತಿಯಿಂದಲೇ ಮಾಡಿದ" ಎಂದು ಗುರುಗಳು ಮತ್ತೊಂದು ಕಾಯಿ ಕೈಗೆತ್ತಿಕೊಂಡರು.

ಚುಕ್ಕೆ ಹೋಗಲಿಲ್ಲ. ಕೆಲವು ದಿನ ಕಳೆಯುವಷ್ಟರಲ್ಲಿ ಪಕ್ಕದ ಎಲೆಗಳಲ್ಲೂ ಕಾಣಿಸಿಕೊಂಡಿತು. ತಾನು ಒರೆಸಿದ್ದು ಸಾಲಲಿಲ್ಲ ಎಂದುಕೊಂಡ. ತಂಬಿಗೆಯ ಬದಲು ಬಕೆಟ್ಟು ಬಂತು. ಕೈಗೆಟುಕದ ಎಲೆಗಳಿಗೆಂದು ಒಂದು ಸ್ಟೂಲು ಬಂತು. ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಒಮ್ಮೆ, ಸಂಜೆ ಬಾಗಿಲು ಹಾಕಿ ಬಂದ ಮೇಲೆ ಒಮ್ಮೆ ಒರೆಸುತ್ತಿದ್ದ. ಒರೆಸಿಯಾದ ಮೇಲೆ ಎಲೆ ಬಾಡದಿರಲಿ ಎಂದು ಕೈಯಲ್ಲಿ ನೀರು ಚಿಮುಕಿಸುತ್ತಿದ್ದ. ಕಿಟಕಿಯಿಂದ ಹೆಂಡತಿ ನೋಡುತ್ತಿದ್ದಾಳೆಂದು ಮುಖದಲ್ಲಿ ಒಂದು ನಗೆಯನ್ನೂ ಇಟ್ಟುಕೊಳ್ಳುತ್ತಿದ್ದ. ಚುಕ್ಕೆ ಹೆಚ್ಚಿತು. ಎಲೆ ಹಳದಿಯಾಗಿ ಉದುರತೊಡಗಿತು.

ಈಗ ಅವನಿಗೆ ದಿಗಿಲು ಹತ್ತಿತು. ದಿಗಿಲು ಹತ್ತಿದವನಿಗೆ ಬುದ್ಧಿ ಹೇಳುವವರಿಗೇನು ಬರ? ಬೇಲಿಯಾಚೆಯವನು ಬಂದು, ಮರಕ್ಕೆ ಸತ್ವ ಸಾಲದು, ಬುಡಕ್ಕೆ ಗೊಬ್ಬರ ಬೇಕು ಎಂದ. ವ್ಯಾಪಾರಿ ಉದುರಿದ ಎಲೆಗಳನ್ನೇ ಗುಡಿಸಿ, ಬುಡದ ಸುತ್ತ ಗುಡ್ಡೆ ಹಾಕಿ, ಮೇಲೆ ನೀರು ಹುಯ್ದ. ಚುಕ್ಕೆಯ ಎಲೆಗಳು ಅಲ್ಲೇ ಕೊಳೆಯುತ್ತ ಬಿದ್ದವು. ಮಳೆ ಹನಿ ಅವುಗಳ ಮೇಲೆ ಬಿದ್ದು ಮೇಲಕ್ಕೆ ಸಿಡಿಯುತ್ತಿತ್ತು.

ಸಂತೆಗೆ ಬಂದಿದ್ದ ಒಬ್ಬ ರೈತ ವಿಷಯ ಕೇಳಿ ಮೈಲುತುತ್ತವನ್ನೂ ಸುಣ್ಣವನ್ನೂ ನೀರಲ್ಲಿ ಕಲಸಿ ಕೊಟ್ಟ. ದ್ರಾಕ್ಷಿ ತೋಟದವರು ಹೊಡೆಯುವ ಔಷಧ ಅದು. ಎಲೆಗೆಲ್ಲ ಸಿಂಪಡಿಸು ಎಂದು ಹೇಳಿ ಅವನು ತನ್ನ ಊರ ಬಸ್ಸು ಹತ್ತಿದ. ಔಷಧ ಒಳ್ಳೆಯದೇ. ವ್ಯಾಪಾರಿ ಚೆನ್ನಾಗಿಯೇ ಸಿಂಪಡಿಸಿದ. ಒಣಗಿದ ಮೇಲೆ ಎಲೆಗಳೆಲ್ಲ ಬಿಳಿನೀಲಿ ಬಣ್ಣಕ್ಕೆ ತಿರುಗಿ ಬೂದಿ ಬಳಿದ ಹಾಗೆ ಕಂಡವು. ಅಯ್ಯೋ, ಇದನ್ನು ಅವಳು ನೋಡಿದರೆ ಎದೆ ಒಡೆದುಕೊಳ್ಳುತ್ತಾಳಲ್ಲ ಎಂದುಕೊಂಡ. ಸಂಜೆಯೊಳಗೆ ಅಷ್ಟನ್ನೂ ಒರೆಸಿ ತೆಗೆದ!

ಮರುಳಯ್ಯನಿಗೆ ನಗು ತಡೆಯಲಾಗಲಿಲ್ಲ.

"ನಗು, ನಗು" ಎಂದರು ಗುರುಗಳು. "ನಗುವುದಕ್ಕೆ ಖರ್ಚಿಲ್ಲ."

ವ್ಯಾಪಾರಿಗೆ ತಲೆ ಕೆಟ್ಟು ಹೋಯಿತು. ನೀರು ಸಾಲದೇ ಹೀಗಾಯಿತೇ, ಹೆಚ್ಚಾಗಿ ಹೀಗಾಯಿತೇ? ಮಣ್ಣು ಕೆಟ್ಟಿತೇ? ಯಾರದಾದರೂ ಕಣ್ಣು ಬಿತ್ತೇ? ಮನೆದೇವರ ಹರಕೆ ಏನಾದರೂ ಉಳಿದಿದೆಯೇ? ಒಂದು ದಿನ ನೀರು ಹಾಕದೆ ನೋಡಿದ, ಮರುದಿನ ಎರಡರಷ್ಟು ಹಾಕಿದ. ಏನು ಮಾಡಿದರೂ ಒರೆಸುವುದನ್ನು ಮಾತ್ರ ಬಿಡಲಿಲ್ಲ. ಅದೊಂದೇ ತಾನು ಸರಿಯಾಗಿ ಮಾಡುತ್ತಿರುವುದು ಎಂದು ಅವನಿಗೆ ಖಾತ್ರಿ ಇತ್ತು. ಅಂಗಡಿಯಲ್ಲಿ ಕೂತರೆ ಗಿರಾಕಿ ಕೇಳಿದ್ದೊಂದು, ಇವನು ಕೊಟ್ಟದ್ದೊಂದು. ರಾತ್ರಿ ಕಣ್ಣು ಮುಚ್ಚಿದರೆ ಚುಕ್ಕೆ. ಮರದಿಂದ ಒಂದು ಎಲೆ ಬಿದ್ದರೆ ಓಡಿ ಹೋಗಿ ಹೆಂಡತಿಯ ಹಣೆ ಮುಟ್ಟಿ ನೋಡುತ್ತಿದ್ದ. ಮರದ ಜೀವ, ಅವಳ ಜೀವ ಎರಡೂ ಅವನ ತಲೆಯಲ್ಲಿ ಗಂಟು ಬಿದ್ದು ಬೇರೆ ಮಾಡಲಾಗದಂತೆ ಆಗಿದ್ದವು.

ಹೀಗಿರುವಾಗ ನೆರೆಯ ಮುದುಕಿಯೊಬ್ಬಳು ರೋಗಿಯನ್ನು ನೋಡಲು ಬಂದಳು. ನೋಡಿ, ಕಿಟಕಿಯಾಚೆಯನ್ನೂ ನೋಡಿ, ಹೊರಗೆ ಬಂದು ಇವನ ಕಿವಿಯಲ್ಲಿ, "ರೋಗದ ಮರ ರೋಗಿಯ ಕಣ್ಣೆದುರಿಗೆ ಇರಬಾರದು ಕಣಪ್ಪ. ಮರದ್ದು ಅವಳಿಗೆ ತಾಗುತ್ತೆ" ಎಂದಳು.

ಆ ಮಾತು ಅವನನ್ನು ಅರೆದು ಹಾಕಿತು. ಹಣ್ಣು ಕೊಡಬೇಕಾದ ಮರವೇ ಅವಳನ್ನು ತಿನ್ನುತ್ತಿದೆಯೇ? ಇಲ್ಲ ಎಂದು ಯಾರನ್ನು ಕೇಳಿ ತಿಳಿಯುವುದು? ಹೌದಾಗಿದ್ದರೆ? ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಹೆಂಡತಿಯ ಹಾಸಿಗೆಯ ಪಕ್ಕ ಕೂತ.

"ಮರ ಕಡಿಸುತ್ತೇನೆ" ಎಂದ.

"ಯಾಕೆ?"

"ನಿನಗೋಸ್ಕರ."

"ನಾನು ಕೇಳಿದ್ದು ಎರಡು ಹಣ್ಣು" ಎಂದಳು. ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮರುದಿನ ಕೊಡಲಿಯವನು ಬಂದ. ವ್ಯಾಪಾರಿ ಅವತ್ತೂ ಬೆಳಗ್ಗೆ ಎದ್ದು ಎಲೆ ಒರೆಸಿದ್ದ ನೋಡು! ಕಡಿಯುವ ಮರಕ್ಕೆ ಕೊನೆಯದಾಗಿ ಒಂದು ಸಲ ಎಂದು ಕಣ್ಣೀರು ಹಾಕಿಕೊಂಡು ಒರೆಸಿದ್ದ. ಒದ್ದೆ ಬಟ್ಟೆ ಇನ್ನೂ ಹೆಗಲ ಮೇಲೇ ಇತ್ತು.

ಮರ ಮನೆಗೆ ಒತ್ತಿಕೊಂಡಿತ್ತು. ಬುಡಕ್ಕೆ ಕೊಡಲಿ ಹಾಕಿದರೆ ಮಾಡಿನ ಮೇಲೆ ಬೀಳುತ್ತದೆ. ಆದ್ದರಿಂದ ಕೊಡಲಿಯವನು ಮೇಲಕ್ಕೆ ಹತ್ತಿ, ತುದಿಯಿಂದ ಕಡಿಯುತ್ತ ಇಳಿಯುತ್ತೇನೆ ಎಂದ. ನಾಲ್ಕು ಏಟಿಗೆ ಒಂದು ಕೊಂಬೆ ಸರಸರನೆ ಬಂದು ಅಂಗಳಕ್ಕೆ ಬಿತ್ತು. ಅದನ್ನು ಪಕ್ಕಕ್ಕೆಳೆಯಲು ವ್ಯಾಪಾರಿ ಬಗ್ಗಿದ. ಎಲೆ ಮುಟ್ಟಿದೊಡನೆ ಕೈ ತನ್ನಷ್ಟಕ್ಕೆ ಬಟ್ಟೆಗೆ ಹೋಯಿತು. ಒರೆಸಬೇಕು ಎಂದು ಎಲೆ ತಿರುಗಿಸಿದ. ಒರೆಸುವುದಕ್ಕೆ ಏನೂ ಇರಲಿಲ್ಲ.

ಇನ್ನೊಂದು ಎಲೆ ನೋಡಿದ. ಅದರ ಹಿಂಬದಿ ನೋಡಿದ. ಇಡೀ ಕೊಂಬೆ ಹುಡುಕಿದ. ಒಂದು ಚುಕ್ಕೆ ಇಲ್ಲ. ತುದಿಯಲ್ಲಿ ಕಂದು ತುಪ್ಪಳ ಹೊದ್ದ ಮೊಗ್ಗುಗಳು ಗೊಂಚಲು ಗೊಂಚಲಾಗಿ ಕೂತಿದ್ದವು.

"ನಿಲ್ಲಿಸೋ!" ಎಂದು ಕೂಗಿದ. "ಮೇಲೆ ಎಲ್ಲ ಹೀಗೇ ಇದೆಯೇನೋ?"

"ಮೇಲೆ ಚೆನ್ನಾಗೇ ಇದೆ ಸ್ವಾಮಿ, ಕೆಳಗೇ ಹಾಳಾಗಿರೋದು" ಎಂದ ಕೊಡಲಿಯವನು. "ನೀವು ಕಡಿ ಅಂದ್ರಿ, ಕಡಿದೆ."

ವ್ಯಾಪಾರಿಗೆ ಗೊಂದಲ ಇನ್ನೂ ಹೆಚ್ಚಾಯಿತು. ಬೇರು ಒಂದೇ. ನೀರು ಒಂದೇ. ಕಣ್ಣು ಬಿದ್ದಿದ್ದರೆ ತುದಿಗೂ ಬೀಳಬೇಕಿತ್ತು. ಹರಕೆಯ ದೇವರು ಮುನಿದಿದ್ದರೆ ಅರ್ಧ ಮರಕ್ಕೆ ಮುನಿಯುತ್ತಾನೆಯೇ? ಅವನು ಮರದ ಸುತ್ತ ಒಂದು ಸುತ್ತು ಬಂದ. ಬೇಲಿಯ ಮುಳ್ಳು ಒತ್ತಿಕೊಂಡಿದ್ದ ಕಡೆ ಸ್ಟೂಲು ಇಡಲು ಜಾಗವಿರಲಿಲ್ಲ. ಅಲ್ಲಿ ಕೆಳಗಿನ ಕೊಂಬೆಯೂ ಬಹುಪಾಲು ಹಸಿರಾಗಿತ್ತು. ಈ ಕಡೆಗೆ ಬಂದ. ದಿನವೂ ಹತ್ತುತ್ತಿದ್ದ ಸ್ಟೂಲು ಹತ್ತಿದ. ದಿನವೂ ಚಾಚುತ್ತಿದ್ದ ಹಾಗೆ ಬಟ್ಟೆ ಹಿಡಿದು ಕೈ ಮೇಲಕ್ಕೆ ಚಾಚಿದ.

ಬಟ್ಟೆಯ ತುದಿ ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿಯವರೆಗೆ ಚುಕ್ಕೆ ಇತ್ತು. ಅದರಾಚೆ ಇರಲಿಲ್ಲ.

ಅವನು ಕೈ ಇಳಿಸಿ ಬಟ್ಟೆ ನೋಡಿದ. ಬಕೆಟ್ಟಿನ ನೀರು ನೋಡಿದ. ಚುಕ್ಕೆಯ ಎಲೆ ಒರೆಸಿ ಅದ್ದಿದ್ದು ಇದೇ ನೀರಿನಲ್ಲಿ. ಅದ್ದಿ ಹಿಂಡಿ ಒಳ್ಳೆಯ ಎಲೆ ಒರೆಸಿದ್ದು ಇದೇ ಬಟ್ಟೆಯಲ್ಲಿ. ಬೆಳಗ್ಗೆ ಸಂಜೆ, ಒಂದು ಎಲೆಯನ್ನೂ ಬಿಡದೆ, ಮಳೆ ಬಿಟ್ಟ ದಿನವೂ ಬಿಡದೆ. ಸ್ಟೂಲಿನ ಮೇಲೇ ಕುಸಿದು ಕೂತು ಗೊಳೋ ಎಂದು ಅತ್ತ. ಕೊಡಲಿಯವನು ಮೇಲಿನ ಕೊಂಬೆಯಲ್ಲಿ ಕೂತು, ಈ ಗಂಡಸಿಗೆ ಏನಾಯಿತು ಎಂದು ಕೆಳಗೆ ನೋಡುತ್ತಿದ್ದ.

ಅತ್ತು ಮುಗಿಸಿ ಅವನು ಮಾಡಿದ ಮೊದಲ ಕೆಲಸ, ತನ್ನ ಅಂಗಡಿಯಲ್ಲಿ ದಿನವೂ ಮಾಡುತ್ತಿದ್ದ ಕೆಲಸ. ಚುಕ್ಕೆ ಬಲಿತ ಎಲೆಗಳನ್ನು ಕಿತ್ತ. ಬುಡದ ಗುಡ್ಡೆಯನ್ನೆಲ್ಲ ಬಾಚಿ ಊರಾಚೆ ಒಯ್ದು ಸುಟ್ಟ. ಒಳಗೆ ಗಾಳಿಯಾಡದಂತೆ ಹೆಣೆದುಕೊಂಡಿದ್ದ ಕಡ್ಡಿಗಳನ್ನು ಕೊಡಲಿಯವನ ಕೈಲೇ ಸವರಿಸಿದ. ಎಲೆಗೆ ನೀರು ಚಿಮುಕಿಸುವುದನ್ನು ಬಿಟ್ಟು ಬುಡಕ್ಕಷ್ಟೇ ಹಾಕಿದ. ಅದೇ ಮೈಲುತುತ್ತ ಸುಣ್ಣದ ನೀರನ್ನು ಮತ್ತೆ ಕಲಸಿ, ಮೊಗ್ಗಿಗೆ ತಾಗದ ಹಾಗೆ ಕೆಳಗಿನ ಎಲೆಗಳಿಗೆಲ್ಲ ಹೊಡೆದ. ಹೊಡೆದು ಹಾಗೇ ಬಿಟ್ಟ.

ಬಿಡುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬೂದಿ ಬಳಿದ ಹಾಗಿದ್ದ ಎಲೆ ಕಂಡರೆ ಕೈ ಬಟ್ಟೆಗೆ ಹೋಗುತ್ತಿತ್ತು. ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿತ್ತಿಲಲ್ಲಿ ನಿಂತಿರುತ್ತಿದ್ದ. ಬೀದಿಯವರು ಇವನಿಗೆ ಚಳಿಜ್ವರ ಇರಬೇಕು ಎಂದುಕೊಂಡರು. ಹಳೆಯ ಎಲೆಯ ಚುಕ್ಕೆ ಮಾಯಲಿಲ್ಲ. ಒಂದು ಸಲ ಬಿದ್ದ ಚುಕ್ಕೆ ಆ ಎಲೆಯಲ್ಲಿ ಮಾಯುವುದೂ ಇಲ್ಲ. ಹೊಸ ಚಿಗುರು ಬಂತು. ಅದರ ಮೇಲೆ ಏನೂ ಇರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿ, ಸುಲಿದ ಕಾಳನ್ನು ಮೊರಕ್ಕೆ ಸುರಿದರು. ಮರುಳಯ್ಯನ ಕೈಯಲ್ಲಿ ಮೊದಲು ತೆಗೆದುಕೊಂಡ ಕಾಯಿಯೇ ಇತ್ತು.

"ಅವನ ಹೆಂಡತಿ ಏನಾದಳು ಬುದ್ಧಿ?"

"ಶಿವರಾತ್ರಿಗೆ ಹಣ್ಣು ಬಂತು. ಹೆಚ್ಚಿಗೆ ಇಲ್ಲ. ಮೊಗ್ಗು ತುಂಬಿದ್ದ ಕೊಂಬೆಯನ್ನೇ ಕಡಿಸಿ ಹಾಕಿದ್ದನಲ್ಲ ಮಹಾನುಭಾವ! ಬಂದದ್ದನ್ನು ತಟ್ಟೆಯಲ್ಲಿಟ್ಟು ಕೊಟ್ಟ. ಅವಳು ತಿಂದಳು. ಇನ್ನೆರಡು ಕೇಳಿ ತಿಂದಳು. ಬಾಯಿ ಹುಳಿಯಾಯಿತು, ಗಂಜಿ ಕೊಡಿ ಅಂದಳು. ಬೀಜ ಉಗುಳಿ, ಬಿದ್ದ ಕೊಂಬೆಯ ಲೆಕ್ಕಕ್ಕೆ ಗಂಡನನ್ನು ಬಾಯಿ ತುಂಬ ಬೈದಳು. ಬೈಯುವಷ್ಟು ತ್ರಾಣ ಬಂದದ್ದು ಕಂಡು ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ."

ಮರುಳಯ್ಯನಿಗೂ ಸಂತೋಷವಾಯಿತು. ಸಂತೋಷದ ಹಿಂದೆಯೇ ಗೊಂದಲ ಬಂತು. ಕತೆ ಚೆನ್ನಾಗಿದೆ. ಆದರೆ ತಾನು ಕೇಳಿದ್ದಕ್ಕೆ ಉತ್ತರ ಎಲ್ಲಿದೆ? ಕರಿಬಸಯ್ಯ ಮೇಲಿನ ಕೊಂಬೆಯೋ, ಕೆಳಗಿನದೋ? ಓಂಕಾರಪ್ಪ ಕಿತ್ತು ಸುಡಬೇಕಾದ ಎಲೆಯೋ? ಅಡುಗೆಮನೆ ಕೆಳಗಿದೆ, ಉಗ್ರಾಣ ನಾಲ್ಕು ಮೆಟ್ಟಿಲು ಮೇಲಿದೆ. ಅದೇನಾದರೂ ಸೂಚನೆಯೋ? ಯೋಚಿಸಿದಷ್ಟೂ ತಲೆ ಬಿಸಿಯಾಯಿತು.

"ಬುದ್ಧಿ, ಅಂದರೆ ಮೇಲಿರುವವರನ್ನು ಕಳಿಸಬಾರದು ಅಂತಲೇ?" ಎಂದು ಅಳುಕುತ್ತ ಕೇಳಿದ.

ಗುರುಗಳು ಹಣೆ ಚಚ್ಚಿಕೊಂಡರು. "ಶಿವನೇ! ಕಾಳಾದರೂ ಸುಲಿಯಪ್ಪಾ" ಎಂದರು.

ಮರುಳಯ್ಯ ಕಾಳು ಸುಲಿದ. ಗುರುಗಳು ಮುಂದೆ ಏನಾದರೂ ಹೇಳಿಯಾರು ಎಂದು ಕಾದ. ಬುಟ್ಟಿ ಖಾಲಿಯಾಯಿತು. ಅಷ್ಟರಲ್ಲಿ ಅವನಿಗೆ ತಟ್ಟನೆ ಏನೋ ನೆನಪಾಯಿತು. ಮೊರ ಎತ್ತಿಕೊಂಡು ಎದ್ದ.

"ಎಲ್ಲಿಗೆ ಹೊರಟೆ?" ಎಂದರು ಗುರುಗಳು.

"ಅಡುಗೆಮನೆಗೆ ಬುದ್ಧಿ. ಕಾಳು ಕೊಟ್ಟು ಬರುತ್ತೇನೆ. ಬೆಳಗ್ಗೆ ಓಂಕಾರಪ್ಪನವರು ಕರಿಬಸಯ್ಯನವರ ವಿಷಯಕ್ಕೆ ಒಂದು ಮಾತಂದರು. ಸಿಟ್ಟಿನಲ್ಲಿ ಅಂದದ್ದಲ್ಲ. ಬೇರೆ ಯಾರಾದರೂ ಹೇಳಿ ಅವರಿಗೆ ನೋವಾಗುವ ಮೊದಲು ನಾನೇ ಮೆತ್ತಗೆ ತಿಳಿಸಿಬಿಡೋಣ ಅಂತ..."

"ಹೋಗಿ ಬಾ. ಬಟ್ಟೆಯನ್ನು ಮಾತ್ರ ಇಲ್ಲೇ ಬಿಟ್ಟು ಹೋಗು."

ಮರುಳಯ್ಯ ಮೊರ ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಆಮೇಲೆ ಓಂಕಾರಪ್ಪನ ಮಾತನ್ನು ಅಲ್ಲೇ ಬಿಟ್ಟು, ಕಾಳನ್ನಷ್ಟೇ ಅಡುಗೆಮನೆಗೆ ಒಯ್ದ.